ಸುನ್ನಾಳ ಹಿಮಸ್ಕೂಟರ್

ಆ ವರ್ಷಕ್ಕೆ ಸೂರ್ಯ ಕೊನೆಯ ಸಲ ಮುಖ ತೋರಿಸಿ ಆರು ದಿನವಾಗಿತ್ತು. ಉತ್ತರದ ತುದಿಯ ನಮ್ಮ ಊರಿನಲ್ಲಿ ಇನ್ನು ಜನವರಿಯವರೆಗೆ ಹಗಲೆಂದರೆ ಒಂದಿಷ್ಟು ನೀಲಿ ಮಬ್ಬು. ಮೊಮ್ಮಗಳು ಸುನ್ನಾಳಿಗೆ ಹಿಮದ ಮೇಲೆ ಓಡಿಸುವ ಸ್ಕೂಟರ್ ಕೊಡಿಸಲು ನಾವು ನಾಲ್ವರೂ ಪೇಟೆಗೆ ಹೊರಟೆವು. ಕಾರಿನಲ್ಲಿ ಮುಂದೆ ನನ್ನ ಮಗ ಆಸ್ಲಾತ್ ಮತ್ತು ಸೊಸೆ ಕಿರ್ಸ್ತೆ, ಹಿಂದೆ ನಾನು ಮತ್ತು ಸುನ್ನಾ. ಆರು ವರ್ಷದ ಹುಡುಗಿ, ದಾರಿಯುದ್ದಕ್ಕೂ ಬಲಗೈ ಹೆಬ್ಬೆರಳಿನಿಂದ ಗಾಳಿಯನ್ನೇ ಒತ್ತುತ್ತಾ ಬಾಯಲ್ಲಿ ಎಂಜಿನ್ ಓಡಿಸುತ್ತಾ ಬಂದಳು.

ಆಸ್ಲಾತ್ ಎರಡು ವರ್ಷದಿಂದ ಈ ವಿಷಯವನ್ನು ತಳ್ಳಿಕೊಂಡು ಬಂದಿದ್ದ. ಕೇಳಿದಾಗಲೆಲ್ಲ "ಮುಂದಿನ ಚಳಿಗಾಲಕ್ಕೆ ನೋಡೋಣ" ಅನ್ನುವನು. ಆದರೆ ಹಿಮಸಾರಂಗ ಸಾಕುವ ಮನೆಯಲ್ಲಿ ಹುಟ್ಟಿದ ಮಗು ಸ್ಕೂಟರ್ ಕಲಿಯದೆ ಬೆಳೆಯುವುದಕ್ಕೆ ಆಗುತ್ತದೆಯೇ? ಸುನ್ನಾಳ ಪಾಲಿನವು ಎಂದು ಅವಳದೇ ಕಿವಿಗುರುತು ಕೊರೆದ ಸಾರಂಗಗಳು ಆಗಲೇ ನಮ್ಮ ಮಂದೆಯಲ್ಲಿದ್ದವು. ಎಷ್ಟು ಅಂತ ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಪದ್ಧತಿಯಲ್ಲ. "ನನ್ನ ಮಗಳು ಮಂದೆ ಹಿಂದೆ ಕಾಲ್ನಡಿಗೇಲಿ ಓಡ್ಲಾ? ನೀನೇ ಹೇಳ್ಬಿಡು" ಎಂದು ಕಿರ್ಸ್ತೆ ಪಟ್ಟು ಹಿಡಿದ ಮೇಲೆ ಅವನು ಹೂಂ ಅಂದಿದ್ದ.

ಅವನ ಹಿಂಜರಿಕೆ ಯಾಕೆಂದು ಊರಿಗೆಲ್ಲ ಗೊತ್ತು. ಹದಿಮೂರು ವರ್ಷದವನಿದ್ದಾಗ ಅವನು ಓಡಿಸುತ್ತಿದ್ದ ಸ್ಕೂಟರಿಗೆ ಸಿಕ್ಕಿ ಅವನ ತಂಗಿ ರಾವ್ದ್ನಾ ಸತ್ತಳು. ಅವಳಿಗಾಗ ಏಳು. ಅದೂ ಇಂಥದೇ ನವೆಂಬರ್, ಇಂಥದೇ ಬೆಳಕಿಲ್ಲದ ಹಗಲು. ಮೂವತ್ತೊಂದು ವರ್ಷವಾಯಿತು. ಹುಡುಗ ಕಣ್ಣುಮುಚ್ಚಿಕೊಂಡು ಓಡಿಸಿದ ಎಂದರು ಜನ. ಕುರುಡ ಆಸ್ಲಾತ್ ಅನ್ನುವ ಅಡ್ಡಹೆಸರು ಅಂಟಿತು. ಈಗಿನ ಮಕ್ಕಳಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ, ಆದರೂ ಹಾಗೇ ಕರೆಯುತ್ತಾರೆ. ಅವನೂ ತನ್ನ ಹೆಸರೇ ಅದೆನ್ನುವಂತೆ ತಿರುಗಿ ನೋಡುತ್ತಾನೆ.

ಊರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಅದು ನನಗೆ ಮಾತ್ರ ಗೊತ್ತಿತ್ತು.

ಪೇಟೆಗೆ ಬಂದಾಗ ಹನ್ನೊಂದು ಗಂಟೆ. ಆಕಾಶ ನೀಲಿ ಶಾಯಿ ಕಲಸಿದ ನೀರಿನ ಹಾಗಿತ್ತು. ಅಂಗಡಿಯ ಹೆನ್ರಿಕ್ ನಮಗೆ ಹಳಬ. ಆಸ್ಲಾತನ ಮೂರು ಸ್ಕೂಟರ್‌ಗಳೂ ಅವನ ಕೈಯಿಂದಲೇ ಬಂದವು.

"ಏನಜ್ಜಿ, ನೀವೂ ಬಂದ್ರಾ? ನಿಮಗೂ ಒಂದು ತೆಗೆದಿಡ್ಲಾ?"

"ಕೊಡು, ನಿನ್ನ ಅಂಗಡಿ ಒಳಗೇ ಓಡಿಸಿ ತೋರಿಸ್ತೀನಿ" ಎಂದೆ.

ಮಕ್ಕಳ ಗಾಡಿ ಎರಡಿದ್ದವು. ಒಂದು ಹೊಸದು, ಕರುವಿನ ಗಾತ್ರದ್ದು. ಇನ್ನೊಂದು ಯಾರೋ ಎರಡು ವರ್ಷ ಓಡಿಸಿ ಬಿಟ್ಟದ್ದು, ಸ್ವಲ್ಪ ದೊಡ್ಡದು. "ದೊಡ್ಡದು ತಗೊಂಡ್ರೆ ಹತ್ತು ವರ್ಷದವಳಾಗೋವರೆಗೂ ನಡೆಯುತ್ತೆ" ಎಂದ ಹೆನ್ರಿಕ್. ಆಸ್ಲಾತ್ ಬಗ್ಗಿ, ದೊಡ್ಡದರ ಹಿಂಭಾಗವನ್ನು ಒಂದೇ ಕೈಯಲ್ಲಿ ಎತ್ತಲು ನೋಡಿದ. ಏಳಲಿಲ್ಲ. ಚಿಕ್ಕದನ್ನು ಹಿಡಿದ, ಎದ್ದಿತು.

"ಇದು" ಎಂದ. "ಅವಳ ಮೇಲೆ ಮಗುಚಿದ್ರೆ ಕಿರ್ಸ್ತೆ ಕೂಡ ಎತ್ತಬಹುದು."

ಸುನ್ನಾಳನ್ನು ಕೂರಿಸಿದ. ಪಾದ ಹಲಗೆಗೆ ಪೂರ್ತಿ ತಾಗುತ್ತದೆಯೇ ನೋಡಿದ. ದಪ್ಪ ಕೈಗವಸು ಹಾಕಿಸಿ, ಬೆರಳು ಬ್ರೇಕಿಗೆ ಸಿಗುತ್ತದೆಯೇ, ಹೆಬ್ಬೆರಳಿನಲ್ಲಿ ಒತ್ತಿದ ವೇಗದ ಹಿಡಿಯನ್ನು ತಟ್ಟನೆ ಬಿಡಲು ಬರುತ್ತದೆಯೇ ಎಂದು ಮತ್ತೆ ಮತ್ತೆ ಮಾಡಿಸಿದ. ವೇಗಕ್ಕೆ ಮಿತಿ ಹಾಕುವ ತಿರುಪನ್ನು ತಾನೇ ಕೊನೆಯವರೆಗೆ ಬಿಗಿದ. ಮಗುವಿನ ಮಣಿಕಟ್ಟಿಗೂ ಗಾಡಿಗೂ ಒಂದು ದಾರ ಸಿಕ್ಕಿಸಿರುತ್ತಾರೆ, ಮಗು ಬಿದ್ದರೆ ದಾರ ಕಿತ್ತು ಬರುತ್ತದೆ, ಎಂಜಿನ್ ಆರುತ್ತದೆ. ಆ ದಾರವನ್ನು ಎಳೆದ, ಸಿಕ್ಕಿಸಿದ, ಎಳೆದ. ಹತ್ತು ಸಲವಾದರೂ ಆಗಿರಬೇಕು.

"ದಾರ ಸವೆಯೋ ಮುಂಚೆ ಕೊಂಡ್ಕೊಂಡುಬಿಡು ಮಾರಾಯ" ಎಂದ ಹೆನ್ರಿಕ್.

ಅವನು ಮತ್ತೊಂದು ಸಲ ಎಳೆದ.

ಉಡುಪಿನ ಕೆಲಸ ನನ್ನದು. ಹೊಲಿಯುವವಳು ಅಂತ ನನ್ನನ್ನು ಕರೆತಂದಿದ್ದೇ ಅದಕ್ಕೆ. ಹೆನ್ರಿಕ್ ತಂದ ಹೆಲ್ಮೆಟ್ ಹಾಕಿಸಿ ತಲೆ ಅಲ್ಲಾಡಿಸು ಎಂದೆ. ತಲೆ ಒಂದು ಕಡೆ ಹೋಯಿತು, ಹೆಲ್ಮೆಟ್ ಇನ್ನೊಂದು ಕಡೆ. "ಬೆಳೆಯೋ ಮಗು ಅಜ್ಜಿ, ಸ್ವಲ್ಪ ಜಾಗ ಇರ್ಲಿ" ಎಂದ. "ಅಂಗಿಗೆ ಜಾಗ ಬಿಡಬಹುದು, ತಲೆಗೆ ಬಿಡಬಾರದು. ಚಿಕ್ಕದು ತಾ. ಹಗುರದ್ದು ತಾ. ಈ ಕುತ್ತಿಗೆ ನೋಡು, ಕೋಳಿದು" ಎಂದೆ. ಸುನ್ನಾ ಕೋಳಿಯ ಹಾಗೆ ಕೂಗಿದಳು. ಬೂಟಿನ ಸರದಿ ಬಂದಾಗ ನನ್ನ ಚೀಲದಿಂದ ಒಣಹುಲ್ಲಿನ ಕಂತೆ ತೆಗೆದು ಒಳಗೆ ತುರುಕಿ, ಆಮೇಲೆ ಅವಳ ಕಾಲು ಹಾಕಿಸಿದೆ.

"ಇದೇನು ಕೊಟ್ಟಿಗೆ ಅಂದ್ಕೊಂಡ್ರಾ ಅಜ್ಜಿ?"

"ನಿನ್ನ ಬೂಟೂ ಬಿಚ್ಚು. ಯಾರ ಕಾಲು ಬೆಚ್ಚಗಿದೆ ನೋಡೋಣ."

ಅಷ್ಟು ಹೊತ್ತಿಗೆ ಕಿರ್ಸ್ತೆ ಬಟ್ಟೆಗಳ ಸಾಲಿನ ಹಿಂದಕ್ಕೆ ಮಗಳನ್ನು ಕರೆದುಕೊಂಡು ಹೋದಳು. ಹೊರಬಂದಾಗ ಸುನ್ನಾ ಅಡಿಯಿಂದ ಮುಡಿಯವರೆಗೆ ಬೆಳ್ಳಗಿದ್ದಳು. ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೊಪ್ಪಿ. ಭುಜದ ಮೇಲೆ ಬೆಳ್ಳಿ ದಾರದಲ್ಲಿ ನರಿಯ ಚಿತ್ರ.

"ಅಜ್ಜಿ, ನಾನು ಹಿಮದ ನರಿ" ಎಂದಳು.

"ಎಷ್ಟು ಮುದ್ದಾಗಿ ಕಾಣ್ತಾಳೆ ಅಲ್ವಾ ಅತ್ತೆ?" ಎಂದಳು ಕಿರ್ಸ್ತೆ.

ಆಸ್ಲಾತ್ ಗಾಡಿಯ ಪಕ್ಕದಿಂದ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿ ನಗು ಬಂತು. ಅದು ದಿನಾ ಬರುವಂಥದ್ದಲ್ಲ. "ಅವಳಿಗೆ ಇಷ್ಟ ಆದ್ರೆ ಅದನ್ನೇ ತಗೊಳ್ಳಿ" ಎಂದ.

ತಿರುಪು ಬಿಗಿದವನಿಗೆ, ದಾರ ಎಳೆದು ಎಳೆದು ನೋಡಿದವನಿಗೆ ಆ ಬಿಳುಪಿನಲ್ಲಿ ಏನೂ ಕಾಣಲಿಲ್ಲ. ಹೇಗೆ ಕಾಣಬೇಕು? ಯಾರೂ ಅವನಿಗೆ ಹೇಳಿರಲಿಲ್ಲ.

ರಾವ್ದ್ನಾಳಿಗೆ ನಾನು ಬಿಳಿ ತುಪ್ಪಳದ ಕೋಟು ಹೊಲಿದಿದ್ದೆ. ಮಂದೆಯಲ್ಲಿ ಬಿಳಿ ಕರು ಅಪರೂಪ. ಮೂರು ವರ್ಷ ಒಂದೊಂದೇ ತೊಗಲು ಕೂಡಿಟ್ಟು, ಹದಮಾಡಿ, ಎಲ್ಲೂ ಕಂದು ಬಣ್ಣದ ಒಂದು ಕೂದಲು ಬಾರದಂತೆ ಹೊಲಿದೆ. ಚರ್ಚಿನಲ್ಲಿ ಹೆಂಗಸರು ಅದರ ತೋಳು ಸವರಿ ನೋಡಿದರು. ನಾನು ಬೀಗಿದೆ. ಸುಳ್ಳು ಯಾಕೆ ಹೇಳಲಿ?

ಆ ದಿನ ಬೆಳಗ್ಗೆ ಬಯಲಿನ ಗುಡಾರದಲ್ಲಿದ್ದೆವು. ಗಂಜಿಗೆ ಕರೆಯಲು ಬಾಗಿಲಿಗೆ ಬಂದು ನಿಂತೆ. ಎಲ್ಲ ಕಡೆ ನೀಲಿ ಹಿಮ, ಮಗು ಎಲ್ಲೂ ಇಲ್ಲ. ಕೂಗಿದೆ. ಹತ್ತು ಹೆಜ್ಜೆ ಆಚೆಯಿಂದ ನಗು ಕೇಳಿತು. ಅವಳು ನನ್ನ ಎದುರಿಗೇ ಬೆನ್ನು ಹಾಕಿ ನಿಂತಿದ್ದಳು. ಮುಖ ತಿರುಗಿಸಿದ ಮೇಲೆ ಮುಖವೊಂದೇ ಕಂಡಿತು. ನಾನೂ ನಕ್ಕೆ. "ಇನ್ನೊಂದು ಸಲ ಅಡಗು" ಎಂದೆ. ಅವಳು ಬೆನ್ನು ತಿರುಗಿಸಿದಳು. ಮತ್ತೆ ಮಾಯ. ಗಂಜಿ ತಣ್ಣಗಾಗುವವರೆಗೆ ಆಡಿದೆವು.

ಮಧ್ಯಾಹ್ನ ಆಸ್ಲಾತ್ ತಪ್ಪಿಸಿಕೊಂಡ ಸಾರಂಗಗಳನ್ನು ಸ್ಕೂಟರಿನಲ್ಲಿ ಅಟ್ಟಿಕೊಂಡು ದಿಬ್ಬ ಹತ್ತಿ ಬಂದ. ಅವಳು ಬೇಲಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು.

"ಅಲ್ಲಿ ಏನೂ ಇರ್ಲಿಲ್ಲ ಅಪ್ಪ" ಎಂದ ಹುಡುಗ. "ನೋಡ್ದೆ. ನೋಡ್ಕೊಂಡೇ ಬಂದೆ. ಏನೂ ಇರ್ಲಿಲ್ಲ." ನನ್ನ ಗಂಡ ನಾಯಿಗೂ ಕೈಯೆತ್ತಿದವನಲ್ಲ. ಅವತ್ತು ಮಗನ ಕೆನ್ನೆಗೆ ಹೊಡೆದ. "ಹೋದವಳು ಹೋದ್ಲು, ಸುಳ್ಳು ಬೇರೆ ಹೇಳ್ಬೇಡ" ಎಂದ. ಮೂರು ದಿನ ಹುಡುಗ ಸಿಕ್ಕಿದವರಿಗೆಲ್ಲ ಅದೇ ಮಾತು ಹೇಳಿದ. ನಾಲ್ಕನೆಯ ದಿನದಿಂದ ಹೇಳುವುದನ್ನು ನಿಲ್ಲಿಸಿದ.

ಆ ಮೂರು ದಿನ ನಾನು ಅಲ್ಲೇ ಇದ್ದೆ. ಅವನು ನಿಜ ಹೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಮೂರನೆಯ ದಿನ ಕೋಟನ್ನು ಒಲೆಗೆ ಹಾಕಿದೆ. ಕಣ್ಣಿಂದ ನೋಡಲಾರೆ ಎಂದೆ, ತಾಯಿಯ ಸಂಕಟ ಎಂದು ಜನ ತಿಳಿದರು. ನಾಳೆ ಹೇಳೋಣ ಅಂದುಕೊಂಡೆ, ಮಣ್ಣು ಮಾಡಿದ ಮೇಲೆ ಹೇಳೋಣ ಅಂದುಕೊಂಡೆ. ಆಮೇಲೆ ಅವನು ದೊಡ್ಡವನಾದ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಸಾಯುವವರೆಗೂ ಅವನು ಮಗನ ಸ್ಕೂಟರಿನ ಹಿಂದೆ ಕೂರಲಿಲ್ಲ.

ಅಂಗಡಿಯಲ್ಲಿ ನಾನು ಮೊದಲು ಸುಲಭದ ದಾರಿ ಹುಡುಕಿದೆ.

"ಬಿಳಿ ಬೇಗ ಕೊಳೆ ಆಗುತ್ತೆ."

"ತೊಳೆದ್ರಾಯ್ತು ಅತ್ತೆ."

"ತೋಳು ಉದ್ದ ಆಯ್ತು."

"ನೀವೇ ಮಡಿಸಿ ಹೊಲಿದುಕೊಡಿ. ಅದಕ್ಕೇ ಅಲ್ವಾ ನಿಮ್ಮನ್ನ ಕರ್ಕೊಂಡು ಬಂದಿದ್ದು?"

"ಅಲ್ಲಿ ಕಿತ್ತಳೆ ಬಣ್ಣದ್ದಿದೆ ನೋಡು."

"ರಸ್ತೆ ಕೆಲಸದೋರ ಥರ ಕಾಣ್ತಾಳೆ" ಎಂದಳು ಕಿರ್ಸ್ತೆ. ಅವಳ ದನಿ ಬಿಗಿಯಾಯಿತು. "ಪ್ರತಿಯೊಂದಕ್ಕೂ ಏನಾದ್ರೂ ಒಂದು ಕೊಕ್ಕೆ ಹಾಕ್ತೀರಲ್ಲ ಅತ್ತೆ. ಇಷ್ಟು ದಿನ ಇವರು ಬೇಡ ಬೇಡ ಅಂದ್ರು. ಈಗ ನೀವು ಶುರುಮಾಡಿದ್ರಾ?"

ಸುನ್ನಾ ಎರಡೂ ಕೈಯಲ್ಲಿ ತನ್ನನ್ನೇ ತಬ್ಬಿಕೊಂಡು ನನ್ನನ್ನು ನೋಡುತ್ತಿದ್ದಳು, ಎಲ್ಲಿ ಬಿಚ್ಚಿಸಿಬಿಡುತ್ತಾಳೋ ಎಂದು. ಹೆನ್ರಿಕ್ ಬಿಲ್ಲಿನ ಪುಸ್ತಕ ತೆರೆದ. ನಾನು ಸುಮ್ಮನಿದ್ದರೆ ಆ ಮಗು ನಾಳೆ ನೀಲಿ ಬಯಲಿಗೆ ಬಿಳಿ ಉಟ್ಟು ಇಳಿಯುತ್ತಿತ್ತು. ಬಾಯಿಬಿಟ್ಟರೆ ಮಗ ನನ್ನ ಪಾಲಿಗೆ ಉಳಿಯುತ್ತಿದ್ದನೋ ಇಲ್ಲವೋ.

"ಆಸ್ಲಾತ್, ಹೊರಗೆ ಬಾ. ಒಂದು ಮಾತಿದೆ" ಎಂದೆ.

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಗಂಜಿಗೆ ಕರೆದದ್ದು, ಹತ್ತು ಹೆಜ್ಜೆ ದೂರದಲ್ಲಿ ಅವಳು ಕಾಣದೆ ಹೋದದ್ದು, ಇನ್ನೊಂದು ಸಲ ಎಂದದ್ದು, ಒಲೆ. ಚಳಿಗೆ ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಅವನು ನನ್ನನ್ನು ನೋಡದೆ ರಸ್ತೆಯ ಆಚೆ ನಿಲ್ಲಿಸಿದ್ದ ಲಾರಿಯನ್ನು ನೋಡುತ್ತಾ ಕೇಳಿಸಿಕೊಂಡ.

"ಅಪ್ಪನಿಗೆ ಗೊತ್ತಿತ್ತಾ?"

"ಇಲ್ಲ."

"ಅವನು ಹೊಡೆದಾಗ ನೀನಲ್ಲಿದ್ದೆ."

"ಇದ್ದೆ."

"ನಾನು ನೋಡಿದ್ದೆ ಅಮ್ಮ" ಎಂದ. ಮೂವತ್ತೊಂದು ವರ್ಷದ ಮೇಲೆ ಅದೇ ಮಾತು, ಈಗ ಗಂಡಸಿನ ದನಿಯಲ್ಲಿ. "ನೋಡಿದ್ದೆ ಅಂತ ನನಗೇ ಆಮೇಲಾಮೇಲೆ ನಂಬಿಕೆ ಬರ್ತಿರ್ಲಿಲ್ಲ. ಕಣ್ಣಿನ ಡಾಕ್ಟರ್ ಹತ್ರ ಎಷ್ಟು ಸಲ ಹೋಗಿದ್ದೀನಿ ಗೊತ್ತಾ? ಕಣ್ಣು ಸರಿಯಾಗಿದೆ ಅಂತಾರೆ. ಹೊರಗೆ ಬಂದ ತಕ್ಷಣ ಅವರೂ ಸುಳ್ಳು ಹೇಳಿದ್ರು ಅನ್ಸುತ್ತೆ."

ನಾನು ಅವನ ತೋಳು ಮುಟ್ಟಲು ಹೋದೆ. ಅವನು ತೋಳನ್ನು ಕೊಡವಲಿಲ್ಲ. ಒಳಗೆ ಹೋಗಲು ಬಾಗಿಲು ಎಳೆದ, ತೋಳು ತಾನಾಗಿ ಸರಿಯಿತು.

ಕಿತ್ತಳೆ ಬಣ್ಣದ್ದನ್ನು ಅವನೇ ಕೊಕ್ಕೆಯಿಂದ ಇಳಿಸಿದ. ಸುನ್ನಾ ಅತ್ತಳು. ಅವನು ಅವಳ ಮುಂದೆ ಮಂಡಿಯೂರಿ ಬಿಳಿ ಅಂಗಿಯ ಜಿಪ್ಪನ್ನು ನಿಧಾನವಾಗಿ ಎಳೆದು, "ದೂರದಿಂದ ನೀನು ನನಗೆ ಕಾಣ್ಬೇಕು ಕಂದ" ಎಂದಷ್ಟೇ ಹೇಳಿದ. ಕಿರ್ಸ್ತೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಿಳಿ ಅಂಗಿಯನ್ನು ತಾನೇ ಕೊಕ್ಕೆಗೆ ಮತ್ತೆ ಸಿಕ್ಕಿಸಿದಳು. ಎರಡು ಗಂಟೆಯ ದಾರಿಯಲ್ಲಿ ಸುನ್ನಾ ಬಿಕ್ಕಿ ಬಿಕ್ಕಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮುಂದಿನ ಸೀಟಿನಿಂದ ಯಾರೂ ಹಿಂದೆ ತಿರುಗಲಿಲ್ಲ.

ಪ್ರತಿದಿನ ಮಂದೆಗೆ ಹೋಗುವ ಮುಂಚೆ ಅವನು ಅಂಗಳದ ಆಚೆ ಬದಿಯ ನನ್ನ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದ. ಎಂಟು ದಿನ ಬರಲಿಲ್ಲ. ಅಂಗಳದಲ್ಲಿ ಮಗಳಿಗೆ ಕಲಿಸುವ ಸದ್ದು ಮಾತ್ರ ಕೇಳುತ್ತಿತ್ತು. ಚಿಕ್ಕ ಎಂಜಿನ್ನಿನ ತೆಳು ಸದ್ದು, ನಡುವೆ "ಬಿಡು, ಹೆಬ್ಬೆರಳು ಬಿಡು" ಎನ್ನುವ ಅವನ ದನಿ. ಕೆಟಲಿನಲ್ಲಿ ಎರಡು ಲೋಟದ ನೀರೇ ಹಾಕುತ್ತಿದ್ದೆ, ಅಭ್ಯಾಸಬಲ.

ಒಂಬತ್ತನೆಯ ದಿನ ಬಂದ. ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತ.

"ನಾಡಿದ್ದು ಮಂದೆ ಬೇರ್ಪಡಿಸೋದಿದೆ. ಎಲ್ಲಾ ಮನೆಯೋರೂ ಬೇಲಿ ಹತ್ರ ಸೇರ್ತಾರೆ."

"ಗೊತ್ತು."

"ನನಗೆ ಹೇಳಿದ್ದನ್ನ ಅಲ್ಲಿ ಹೇಳು."

"ಎಲ್ಲರ ಮುಂದೆಯಾ?"

"ನಾನು ಎಲ್ಲರ ಮುಂದೆ ಹೇಳಿದ್ದೆ" ಎಂದ. "ಮೂರು ದಿನ."

ಹೂಂ ಎಂದೆ. ಕಾಫಿ ಎಂದೆ. ಅವನು ಆಗಲೇ ಅಂಗಳ ದಾಟಿದ್ದ.

ಕೂಡಿದ ಮಂದೆಯಿಂದ ಕಿವಿಗುರುತು ನೋಡಿ ಅವರವರ ಸಾರಂಗಗಳನ್ನು ಬೇರೆಮಾಡುವ ಬೇಲಿಯ ಹತ್ತಿರ ಬೆಂಕಿ ಹಾಕಿದ್ದರು. ಕೆಲಸದ ನಡುವೆ ಸುಧಾರಿಸಿಕೊಳ್ಳಲು ಜನ ಬಂದು ಕೂತು, ಒಣಮಾಂಸ ಕೊಯ್ದುಕೊಂಡು, ಕಾಫಿ ಕುಡಿದು ಏಳುತ್ತಿದ್ದರು. ನನ್ನ ಗಂಡನ ತಮ್ಮ ಮಿಹ್ಕಲ್ ಅವರಲ್ಲಿ ಹಿರಿಯ. ಆ ಅಡ್ಡಹೆಸರು ಮೊದಲು ಹೊರಟದ್ದು ಅವನ ಬಾಯಿಂದಲೇ. ಅವನ ಎದುರಿಗೆ ಕೂತು ಹೇಳಿದೆ. ಬೆಂಕಿಯ ಸುತ್ತ ಇದ್ದವರು ಮೊದಲು ತಮ್ಮ ಮಾತು ಮುಂದುವರಿಸಿದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಹತ್ತು ಮಾರು ಆಚೆ ಆಸ್ಲಾತ್ ಹಗ್ಗದ ಗಂಟು ಬಿಗಿಯುತ್ತಿದ್ದ. ನನ್ನ ದನಿ ಅಲ್ಲಿಯವರೆಗೆ ಹೋಗುತ್ತಿತ್ತು.

ಮುಗಿಸಿದೆ. ಮಿಹ್ಕಲ್ ಲೋಟದ ತಳದ ಚರಟವನ್ನು ಹಿಮದ ಮೇಲೆ ಚೆಲ್ಲಿದ.

"ಅಷ್ಟು ಹಳೇ ಮಾತು ಈಗ್ಯಾಕೆ ಅತ್ತಿಗೆ?" ಎಂದ. ಕೆಟ್ಟ ದನಿಯಲ್ಲಲ್ಲ, ಸಮಾಧಾನ ಮಾಡುವ ದನಿಯಲ್ಲೇ. "ಅದೆಲ್ಲ ಯಾರಿಗೆ ನೆನಪಿದೆ? ಹುಡುಗನೂ ಮರೆತಿರ್ತಾನೆ. ಕಾಫಿ ಕುಡಿ, ಆರಿಹೋಗುತ್ತೆ."

ಯಾರೋ ಒಬ್ಬರು ನಿಟ್ಟುಸಿರು ಬಿಟ್ಟರು. ಇನ್ನೊಬ್ಬರು ಹವಾಮಾನದ ಮಾತು ತೆಗೆದರು. ಆಚೆ ನಿಂತುಹೋಗಿದ್ದ ಆಸ್ಲಾತನ ಕೈಗಳು ಮತ್ತೆ ಹಗ್ಗ ಹಿಡಿದವು. ಅವನು ನಮ್ಮ ಕಡೆ ಬೆನ್ನು ಮಾಡಿದ್ದ.

ಬೆಂಕಿಗೆ ಹೊಸದಾಗಿ ಬಂದು ಕೂತವರು ಆಗಲೇ ಐದಾರು ಜನ ಇದ್ದರು. ಲೋಟ ಕೆಳಗಿಟ್ಟೆ. ಮಿಹ್ಕಲನ ಪಕ್ಕದಲ್ಲಿ ಈಗಷ್ಟೇ ಕೂತು ಕೈಗವಸು ಬಿಚ್ಚುತ್ತಿದ್ದ ಹೆಂಗಸಿನ ಕಡೆ ತಿರುಗಿ, ಆ ಬೆಳಗ್ಗೆ ಗಂಜಿಗೆ ಕರೆಯಲು ಗುಡಾರದ ಬಾಗಿಲಿಗೆ ಬಂದು ನಿಂತದ್ದರಿಂದ ಮತ್ತೆ ಶುರುಮಾಡಿದೆ.