ಹಾಸಿಗೆ ಹಾಸದ ಶನಿವಾರ

"ಇದರಲ್ಲಿ ನನ್ನ ಅತಿಥಿಗಳನ್ನು ಏನೆಂದು ಬೈದಿದ್ದೀರಿ, ನೀವೇ ಹೇಳಿ."

ಪೆಂಬರ್ಟನ್ ತನ್ನ ಫೋನನ್ನು ನಮ್ಮ ಕಡೆಗೆ ಚಾಚಿ ಹಿಡಿದಿದ್ದ. ಕೊರೊನಾ ಕಾಲ, ಆರಡಿ ದೂರ ಇರಬೇಕಲ್ಲ, ಅದಕ್ಕೆ ಅವನ ರಜೆಯ ಬಾಡಿಗೆ ಮನೆಗಳನ್ನು ಗುಡಿಸುವ ನಮ್ಮ ಮೂವರು ಹೆಂಗಸರನ್ನೂ ಅಂಗಳದ ಕಸದ ಡಬ್ಬಿಗಳ ಮುಂದೆ, ಡಬ್ಬಿಗೊಬ್ಬರಂತೆ ನಿಲ್ಲಿಸಿದ್ದ. ನನ್ನ ಕೈಯಲ್ಲಿ ಇನ್ನೂ ಕಕ್ಕಸು ಉಜ್ಜುವ ಬ್ರಷ್ ಇತ್ತು. ಕೆಳಗಿಟ್ಟು ಬರುವಷ್ಟು ಹೊತ್ತನ್ನೂ ಅವನು ಕೊಟ್ಟಿರಲಿಲ್ಲ.

ಫೋನಿನಿಂದ ನನ್ನದೇ ದನಿ ಬಂತು, ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಆಮೇಲೆ ಡಿಲಿಸಳ ದನಿ. ಆಮೇಲೆ ಹೆಲೆದ್ ಶುರುಮಾಡಿ, ನಡುವೆ ತಡವರಿಸಿ, ಒಂದು ಕೆಟ್ಟ ಮಾತಾಡಿದ್ದು. ಮೂವರೂ ನಕ್ಕದ್ದು. ಅಷ್ಟೇ. ಎಲ್ಲವೂ ವೇಲ್ಸ್ ನಾಡಿನ ನಮ್ಮ ವೆಲ್ಷ್ ಭಾಷೆಯಲ್ಲಿ.

ಹೋದ ಶನಿವಾರ, ಅಂದರೆ ಲಾಕ್‌ಡೌನ್ ಮುಗಿದು ಬಾಡಿಗೆ ಮನೆಗಳು ತೆರೆದ ಮೊದಲ ದಿನ, ನಾಲ್ಕನೇ ಮನೆಯ ಅತಿಥಿಗಳು ಎರಡು ಗಂಟೆ ಮುಂಚೆಯೇ ಬಂದಿಳಿದಿದ್ದರು. ನಾವು ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸುತ್ತಿದ್ದೆವು. ಕೊರೊನಾ ನಿಯಮದಂತೆ ಕಿಟಕಿಗಳೆಲ್ಲ ತೆರೆದಿದ್ದವು. ಕೆಳಗೆ ನಿಂತ ಹೆಂಗಸು ನಮ್ಮ ಮಾತನ್ನು ಫೋನಿಗೆ ಹಿಡಿದಳು. ಕೆಲಸದವರು ತಮ್ಮ ಭಾಷೆಯಲ್ಲಿ ನಮ್ಮನ್ನು ಬೈದು ನಗುತ್ತಿದ್ದರು ಎಂದು ದೂರು ಬರೆದು, ಐದರಲ್ಲಿ ಒಂದೇ ಒಂದು ನಕ್ಷತ್ರ ಕೊಟ್ಟಿದ್ದಳು.

ಬೈದಿಲ್ಲವೆಂದು ಅವನ ಮುಂದೆ ಲೆಕ್ಕ ಒಪ್ಪಿಸಲು ನಮಗ್ಯಾರಿಗೂ ಮನಸ್ಸಿರಲಿಲ್ಲ. ಪೆಂಬರ್ಟನ್ ಯೋಲೊ ಕಡೆಗೆ ತಿರುಗಿದ. ಯೋಲೊ ಈ ಐದು ಮನೆಗಳ ಮೇಲ್ವಿಚಾರಕ. ನಮ್ಮೂರಿನವನೇ, ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲಿನ ಭಾನುವಾರದ ಪಾಠಕ್ಕೆ ನನ್ನ ಹತ್ತಿರವೇ ಬಂದವನು. ಇವರು ಏನು ಹೇಳುತ್ತಿದ್ದಾರೆ ಎಂದು ಪೆಂಬರ್ಟನ್ ಅವನನ್ನು ಕೇಳಿ, ಮತ್ತೆ ಮೊದಲಿಂದ ಹಾಕಿದ. ಯೋಲೊ ತಲೆ ಬಾಗಿಸಿ ಕೊನೆಯವರೆಗೂ ಕೇಳಿದ. ಅವನ ಕಿವಿಯ ತುದಿ ಕೆಂಪಾದದ್ದು ನನಗೆ ಕಂಡಿತು.

"ಸರಿಯಾಗಿ ಕೇಳಿಸ್ತಿಲ್ಲ ಸರ್. ಗಾಳಿ ಜಾಸ್ತಿ ಇದೆ."

ಅವತ್ತು ಗಾಳಿ ಇರಲಿಲ್ಲ. ಕೊಲ್ಲಿಯ ನೀರು ತಟ್ಟೆಯಲ್ಲಿಟ್ಟಂತೆ ನಿಂತಿತ್ತು. ಆ ಫೋನಿನಲ್ಲಿದ್ದದ್ದು ಬೈಬಲಿನ ದೇವರ ವಚನ. ಯೋಲೊಗೆ ಆರು ವರ್ಷವಾಗಿದ್ದಾಗ ಒಂದೊಂದೇ ಸಾಲಾಗಿ ನಾನೇ ಬಾಯಿಗೆ ಹಾಕಿದ ವಚನ.

ಮಾರ್ಚಿನಿಂದ ಚಾಪೆಲಿಗೆ ಬೀಗ. ಭಾನುವಾರ ಬೆಳಿಗ್ಗೆ ಬೋಧಕರು ಎಲ್ಲರನ್ನೂ ಒಂದೇ ಫೋನ್ ಕರೆಗೆ ಸೇರಿಸುತ್ತಾರೆ. ಮನೆಗೊಬ್ಬರಂತೆ ಸರದಿಯಲ್ಲಿ ವಚನ ಹೇಳಬೇಕು. ಹಾಡುವ ಹಾಗಿಲ್ಲ, ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಹೇಳುವುದೊಂದೇ ಉಳಿದಿರುವುದು. ಹಾಸಿಗೆ ಹಾಸುವಾಗ ಕೈಗೆ ಕೆಲಸ, ಬಾಯಿ ಖಾಲಿ. ಅದಕ್ಕೆ ಶನಿವಾರ ನಾವು ಮೂವರೂ ನಾಳಿನ ವಚನವನ್ನು ಅಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆವು. ಡಿಲಿಸಳಿಗೆ ಎಪ್ಪತ್ತೊಂದು, ಅವಳಿಗೆ ಎಲ್ಲವೂ ಬಾಯಿಪಾಠ. ಹೆಲೆದ್ ಮೂವತ್ತರವಳು, ಎರಡು ಮಕ್ಕಳ ತಾಯಿ, ಚಾಪೆಲಿನ ಮೆಟ್ಟಿಲು ತುಳಿಯದೆ ಹತ್ತು ವರ್ಷವಾಗಿತ್ತು. ಅವಳ ಅಮ್ಮ ಮೇಗನ್ ಏಪ್ರಿಲಿನಲ್ಲಿ ಹೋದ ಮೇಲೆ ಆ ಮನೆಯ ಸರದಿ ಅವಳ ತಲೆಗೆ ಬಂದಿತ್ತು. ಅಮ್ಮ ಹೇಳುತ್ತಿದ್ದ ವಚನವನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಅದು ಉದ್ದದ್ದು. ತಪ್ಪಿದಾಗಲೆಲ್ಲ ಬಾಯಿಗೆ ಬಂದದ್ದು ಅನ್ನುತ್ತಿದ್ದಳು.

ಮೇಗನ್ ನಮ್ಮ ಜೊತೆ ಇಪ್ಪತ್ತು ವರ್ಷ ಇದೇ ಮನೆಗಳನ್ನು ಗುಡಿಸಿದವಳು. ಮಾರ್ಚಿನಲ್ಲಿ, ಯಾರೂ ಊರು ಬಿಟ್ಟು ಊರಿಗೆ ಹೋಗಬಾರದೆಂದು ದಾರಿದಾರಿಗೆ ಫಲಕ ನೆಟ್ಟಿದ್ದಾಗ, ಪೆಂಬರ್ಟನ್ ಇಂಗ್ಲೆಂಡಿನಿಂದ ಕಾರು ಓಡಿಸಿಕೊಂಡು ಬಂದು ಅದನ್ನು ದೋಣಿಮನೆಯ ಹಿಂದೆ ಮರೆಮಾಡಿದ. ಒಲೆ ಹಚ್ಚಿ ಹಾಲು ತಂದಿಡಲು ಮೇಗನ್‌ಗೆ ಹೇಳಿಕಳಿಸಿದ. ತನ್ನ ಕೆಮ್ಮು ಸಮುದ್ರದ ಗಾಳಿಯದು ಅಂದನಂತೆ. ಹನ್ನೆರಡನೇ ದಿನ ಅವಳನ್ನು ಆಂಬುಲೆನ್ಸಿನಲ್ಲಿ ಒಯ್ದರು. ಮಣ್ಣಿಗೆ ಎಂಟೇ ಜನ. ಯಾರಿಂದ ಬಂತೆಂದು ಹೇಳಲು ನನ್ನ ಹತ್ತಿರ ಸಾಕ್ಷಿಯಿಲ್ಲ, ಹೇಳುವುದೂ ಇಲ್ಲ. ಆ ಮನುಷ್ಯ ಮಾರನೇ ವಾರ ಹೆಲೆದಳಿಗೆ ಒಂದು ಸಂದೇಶ ಕಳಿಸಿದ್ದನ್ನಷ್ಟೇ ಬಲ್ಲೆ. ಅಮ್ಮನ ಬಳಿಯಿದ್ದ ಕೀಲಿಗೊಂಚಲು ಬೇಕಾಗಿತ್ತು ಅವನಿಗೆ.

ಅಂಗಳದಲ್ಲಿ ಆ ಬುಧವಾರ ಪೆಂಬರ್ಟನ್ ದನಿ ಏರಿಸಲಿಲ್ಲ. ಅವನು ಎಂದೂ ಏರಿಸುವವನಲ್ಲ. ಚೀಲದಿಂದ ಮೂರು ಹಾಳೆ ತೆಗೆದು ಡಬ್ಬಿಯ ಮುಚ್ಚಳದ ಮೇಲಿಟ್ಟು, ಮೇಲೊಂದು ಕಲ್ಲಿಟ್ಟ. ಕೆಲಸದ ಹೊತ್ತಿನಲ್ಲಿ, ಮನೆಯ ಒಳಗೂ ಹೊರಗೂ, ಇಂಗ್ಲಿಷ್ ಮಾತ್ರ. ಶನಿವಾರದೊಳಗೆ ಸಹಿ. ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬಹುದು.

"ಇದರಲ್ಲಿ ದ್ವೇಷವೇನೂ ಇಲ್ಲ. ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಜನ ಹೆದರುತ್ತಾರೆ. ಈ ವರ್ಷ ಹೆದರಿದ್ದು ಸಾಕಲ್ಲವೇ?"

ಅವನ ಬೆನ್ನ ಹಿಂದೆ ಬಡಗಿಯೊಬ್ಬ ಏಣಿ ಹತ್ತಿ ಪ್ರತಿ ಬಾಗಿಲಿನ ಮೇಲೂ ಹೊಸ ಹಲಗೆ ಹೊಡೆಯುತ್ತಿದ್ದ. ನಮ್ಮ ನಾಡಿನ ಬಾವುಟದ ಕೆಂಪು ಡ್ರ್ಯಾಗನ್ನು, ಕೆಳಗೆ ದಪ್ಪ ಅಕ್ಷರದಲ್ಲಿ ವೆಲ್ಷಿನಲ್ಲಿ ಸ್ವಾಗತ. ಪ್ರವಾಸ ಮತ್ತೆ ಶುರುವಾಗಲಿ, ಜೊತೆಗೆ ವೆಲ್ಷ್ ಭಾಷೆಯೂ ಬಾಳಲಿ ಎಂದು ಎಲ್ಲಿಂದಲೋ ಒಂದು ಅನುದಾನ ಬಂದಿತ್ತಂತೆ. ಅದರಲ್ಲಿ ಮಾಡಿಸಿದ್ದು. ಹಲಗೆಗಳ ಮೇಲೆ ಬಿದ್ದ ಮರದ ಪುಡಿ ಒರೆಸುವ ಕೆಲಸ ಡಿಲಿಸಳಿಗೆ ಬಂತು. ಅವಳು ಸ್ಟೂಲು ಹತ್ತಿ, ಆ ಒಂದು ಮಾತನ್ನು ಐದು ಸಲ ಒರೆಸಿದಳು, ತುಟಿ ಬಿಗಿಹಿಡಿದುಕೊಂಡು. ಮೂರನೇ ಬಾಗಿಲಿನ ಒಳಗಿನ ಕೋಣೆಯಲ್ಲೇ ಅವಳು ಹುಟ್ಟಿದ್ದು. ಈಗ ಅಲ್ಲಿ ಬಿಸಿನೀರಿನ ತೊಟ್ಟಿಯಿದೆ.

ಹೊರಗೆ ದಾರಿಗೆ ಬಂದ ಮೇಲೆ ಹೆಲೆದ್ ಬಾಯಿಬಿಟ್ಟಳು.

"ಆ ಬೋಳಿಮಗನ ಹಲಗೆ ವೆಲ್ಷ್ ಮಾತಾಡ್ಬೋದು, ನಾವು ಮಾತಾಡಂಗಿಲ್ಲ. ಅವನ ತಿಕಕ್ಕೆ ಬೆಂಕಿ ಬೀಳ."

"ಬಾಯಿ ತೊಳ್ಕೊಳೇ," ಎಂದಳು ಡಿಲಿಸ್.

"ಯಾವ ಭಾಷೇಲಿ ತೊಳ್ಕೊಳ್ಳಿ ಹೇಳು."

ಡಿಲಿಸ್ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಿಂತು, ಮೂಗು ಸೀಟಿ, ಆಮೇಲೆ ನಕ್ಕಳು.

ಶುಕ್ರವಾರ ಮಧ್ಯಾಹ್ನ ನಾನು ಹಿತ್ತಲಲ್ಲಿ ಆಲೂಗಡ್ಡೆ ಕೀಳುತ್ತಿದ್ದಾಗ ಯೋಲೊ ಬಂದ. ಗೇಟಿನ ಆಚೆಗೇ ನಿಂತ. ಮುಖ ಅರಳಿತ್ತು. ಅದು ವಚನ ಅಂತ ಪೆಂಬರ್ಟನ್‌ಗೆ ಹೇಳಿಬಿಟ್ಟೆ ಆಂಟಿ, ಅವರಿಗೆ ತುಂಬ ಖುಷಿಯಾಯಿತು ಎಂದ. ಬುಧವಾರವೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. ಎಲ್ಲರ ಮುಂದೆ ಯಜಮಾನರನ್ನು ತಪ್ಪು ಎಂದಂತೆ ಆಗುತ್ತಿತ್ತು ಎಂದ. ಗೇಟಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ, ದೋಣಿಮನೆಯ ಮೇಲಿನ ಕೋಣೆಯನ್ನು ತನಗೆ ಬಾಡಿಗೆಗೆ ಕೊಡುವುದಾಗಿ ಅವರು ಹೇಳಿದ್ದಾರೆ ಎಂದ. ಮೂವತ್ತೊಂದು ವರ್ಷದ ಗಂಡಸು, ಇನ್ನೂ ಅಮ್ಮನ ಮನೆಯ ಅಟ್ಟದಲ್ಲಿ ಮಲಗುತ್ತಾನೆ. ನಮ್ಮ ಕೊಲ್ಲಿಯಲ್ಲಿ ದುಡಿಯುವವನಿಗೆ ಮನೆ ಸಿಗುವುದಿಲ್ಲ. ಇರುವುದೆಲ್ಲ ರಜೆಯವರಿಗೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ಆಮೇಲೆ ಒಳ್ಳೆಯ ಸುದ್ದಿ ಹೊರಬಂತು. ಪ್ರತಿ ಶನಿವಾರ ನಾಲ್ಕು ಗಂಟೆಗೆ ಅತಿಥಿಗಳು ಬರುವಾಗ ನಾನೂ ಡಿಲಿಸಳೂ ಹೆಲೆದಳೂ ಬಾಗಿಲಲ್ಲಿ ನಿಂತು ಆ ವಚನಗಳನ್ನೇ ಹೇಳಬೇಕು. ಹಳೆಯ ಕಾಲದ ವೆಲ್ಷ್ ಹೆಂಗಸಿನ ವೇಷಕ್ಕೆಂದು ಎತ್ತರದ ಕರಿ ಟೋಪಿ, ಕೆಂಪು ಶಾಲು ಅವರೇ ತರಿಸುತ್ತಾರೆ. ಆ ಟೋಪಿಯನ್ನು ನಮ್ಮಜ್ಜಿಯ ತಲೆಯ ಮೇಲೂ ನಾನು ಕಂಡವಳಲ್ಲ. ದೂರು ಕೊಟ್ಟ ಹೆಂಗಸಿಗೂ ಒಂದು ವೀಡಿಯೊ ಕಳಿಸುತ್ತಾರಂತೆ. ಅನುದಾನ ಕೊಟ್ಟವರಿಗೂ ತೋರಿಸಬಹುದಂತೆ.

"ಸಹಿ?"

"ಅದು ಹಂಗೇ ಇರತ್ತೆ ಆಂಟಿ. ನಾಕು ಗಂಟೆಗೆ ಬಾಗಿಲಲ್ಲಿ ವೆಲ್ಷ್. ಮಿಕ್ಕ ಹೊತ್ತು ಇಂಗ್ಲಿಷ್."

ನಾನು ಗುದ್ದಲಿ ನೆಟ್ಟು ನಿಂತೆ.

"ಅವತ್ತು ನಾವು ನಿಜವಾಗ್ಲೂ ಬೈದಿದ್ರೆ?"

"ಬೈದಿಲ್ವಲ್ಲ."

"ಬೈದಿದ್ರೆ ಅಂತ ಕೇಳ್ದೆ ಕಣೋ. ಹೆಲೆದ್ ಮಗೂಗೆ ಭೇದಿ ಆಗ್ತಿದೆ ಅಂತ ಮಾತಾಡ್ತಿದ್ರೆ? ಡಿಲಿಸ್ ಮಂಡಿನೋವು ಮಾತಾಡ್ತಿದ್ರೆ? ದೇವ್ರ ಮಾತು ಅಂತ ಗೊತ್ತಾದ್ಮೇಲೆ ನಮ್ ಬಾಯಿ ಶುದ್ಧ ಆಯ್ತಾ ಅವನಿಗೆ?"

ಯೋಲೊ ಗೇಟಿನಿಂದ ಕೈ ತೆಗೆದ. ಸುಮ್ಮನೆ ಕಷ್ಟ ತಂದುಕೊಳ್ಳಬೇಡಿ, ಹೆಲೆದಳ ಮಕ್ಕಳನ್ನು ನೆನೆಸಿಕೊಳ್ಳಿ ಎಂದು ಹೇಳಿ ಹೋದ. ಆ ಮಾತು ಮಾತ್ರ ನನಗೆ ನಾಟಿತು. ನನಗೆ ಪಿಂಚಣಿ ಇನ್ನೆರಡು ವರ್ಷಕ್ಕೆ, ಡಿಲಿಸಳಿಗೆ ಈಗಾಗಲೇ ಇದೆ. ಹೆಲೆದಳಿಗೆ ಈ ಕೆಲಸ ಬಿಟ್ಟರೆ ಬೇರೆ ಇಲ್ಲ.

ಕೈ ತೊಳೆದು ನೇರ ಅವಳ ಮನೆಗೆ ಹೋದೆ. ಅವಳು ಹೊಸಲಿನ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ನಾನು ದಾರಿಯಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ನೀನು ಸಹಿ ಹಾಕು, ನನಗಾಗಲಿ ಡಿಲಿಸಳಿಗಾಗಲಿ ಒಂದು ಚೂರೂ ಬೇಸರವಿಲ್ಲ, ನಿಮ್ಮಮ್ಮ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು ಎಂದೆ. ಹೆಲೆದ್ ಜಡೆ ಮುಗಿಸಿ, ರಬ್ಬರ್ ಹಾಕಿ, ಮಗುವನ್ನು ಒಳಗೆ ಕಳಿಸಿದಳು.

"ಅಮ್ಮ ಹೇಳ್ತಿರ್ಲಿಲ್ಲ ಬಿಡಿ ಆಂಟಿ. ಅದು ಅಮ್ಮನ ಸರದಿ. ಆ ಮುಂಡೇದರ ಬಾಗಿಲಲ್ಲಿ ಟೋಪಿ ಹಾಕ್ಕೊಂಡು ಹೇಳೋಕಲ್ಲ ನಾನು ಕಲಿತಿರೋದು."

ಆಮೇಲೆ, ಹಿಂದಿನ ವಾರ ಎಡವಿದ್ದ ಸಾಲನ್ನು ಇನ್ನೊಂದು ಸಲ ಹೇಳಿಕೊಡಿ ಎಂದಳು.

ಶನಿವಾರ ಹತ್ತು ಗಂಟೆಗೆ ಎಂದಿನಂತೆ ಹೋದೆವು. ಹಳೆಯ ಅತಿಥಿಗಳು ಹೊರಟರು. ಐದು ಮನೆ, ಹದಿಮೂರು ಹಾಸಿಗೆ. ಕಿಟಕಿಗಳನ್ನು ತೆರೆದೆವು. ಹೊದಿಕೆ, ಹಾಸು, ದಿಂಬಿನ ಚೀಲ ಎಲ್ಲವನ್ನೂ ಕಳಚಿ ಒಂದೊಂದು ಮನೆಯ ಬಾಗಿಲ ಬಳಿ ಗುಡ್ಡೆ ಹಾಕಿದೆವು. ಪರರ ಬೆವರು ಕೂದಲು ಮುಟ್ಟುವ ಆ ಕೆಲಸವನ್ನು ಪೂರ್ತಿ ಮಾಡಿದೆವು. ಹನ್ನೆರಡೂವರೆಗೆ ಹೊರಗೆ ಬಂದು, ಸಹಿಯಿಲ್ಲದ ಮೂರು ಹಾಳೆಗಳನ್ನು ಡಬ್ಬಿಯ ಮುಚ್ಚಳದ ಮೇಲೆ ಅದೇ ಕಲ್ಲಿನ ಕೆಳಗಿಟ್ಟು, ಎದುರಿನ ಸಮುದ್ರದ ಗೋಡೆಯ ಮೇಲೆ ಕೂತೆವು. ಆರಡಿಗೊಬ್ಬರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡೆವು.

ಯೋಲೊ ಬಂದು ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಆಮೇಲೆ ಮನೆಗಳ ಒಳಗೆ ಹೋಗಿ ನೋಡಿ ಬಂದ. ಡಿಲಿಸ್ ಅವನಿಗೂ ಒಂದು ಲೋಟ ಚಹಾ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ತೊಳೆದ ಹಾಸುಗಳ ಮೂಟೆ ಹೊತ್ತು ಒಬ್ಬನೇ ಒಂದನೇ ಮನೆಗೆ ಹೋದ.

ಮೂರು ಗಂಟೆಯಿಂದ ಕಾರುಗಳು ಬರತೊಡಗಿದವು. ನಮ್ಮ ದಾರಿ ಒಂದು ಕಾರಿನಗಲ. ಮೇಲೆ ತಿರುವಿನವರೆಗೆ ಸಾಲು ನಿಂತಿತು. ಜನ ಇಳಿದು, ಕೈಕಾಲು ಝಾಡಿಸಿ, ಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬಾಗಿಲುಗಳು ಮಾತ್ರ ಮುಚ್ಚಿದ್ದವು. ನಾಲ್ಕಕ್ಕೆ ಪೆಂಬರ್ಟನ್ ಮೂರು ಟೋಪಿಡಬ್ಬಿ ಹಿಡಿದು ಬಂದ. ಹಾಳೆಗಳನ್ನು ನೋಡಿದ, ಹಾಸುಗಳ ಗುಡ್ಡೆ ನೋಡಿದ, ನಮ್ಮ ಕಡೆ ಬಂದು ತಗ್ಗಿದ ದನಿಯಲ್ಲಿ, ನಿಮ್ಮ ಕೆಲಸ ಮುಗಿಯಿತು, ಇಲ್ಲಿಂದ ಏಳಿ ಎಂದ. ಗೋಡೆ ಊರಿನದು ಎಂದೆ. ಇಂಗ್ಲಿಷಿನಲ್ಲಿ ನಾನು ಅವನಿಗೆ ಹೇಳಿದ್ದು ಅದೊಂದೇ.

ಆಮೇಲೆ ನಾನು ಕಡಲಿನ ಕಡೆ ಮುಖ ಮಾಡಿ ವಚನ ಹೇಳಿದೆ. ಚಾಪೆಲಿನಲ್ಲಿ ಹೇಳುವಷ್ಟೇ ದೊಡ್ಡ ದನಿ. ನಾಲ್ಕು ತಿಂಗಳಿಂದ ಫೋನಿಗೆ ಪಿಸುಗುಟ್ಟಿದ ಗಂಟಲು ಅದನ್ನು ಕಾದಿತ್ತೇನೋ. ನನ್ನದು ಮುಗಿದ ಮೇಲೆ ಡಿಲಿಸ್ ಎದ್ದು ನಿಂತು ತನ್ನದನ್ನು ಹೇಳಿದಳು. ಆಮೇಲೆ ಹೆಲೆದ್. ಎಡವುತ್ತಿದ್ದ ಸಾಲಿಗೆ ಬಂದಾಗ ಅವಳ ದನಿ ಅವಳ ಅಮ್ಮನದೇ ಆಯಿತು. ಡಿಲಿಸ್ ನನ್ನ ಕಡೆ ತಿರುಗಿ ನೋಡಿದಳು. ಹೆಲೆದ್ ಎಡವಲಿಲ್ಲ.

ಹಿಂದಿನಿಂದ ಚಪ್ಪಾಳೆ ಕೇಳಿತು. ಕಾರಿನ ಬಾಗಿಲಿಗೆ ಒರಗಿ ನಿಂತ ಒಬ್ಬ ಹೆಂಗಸು, ಕಣ್ಣು ಒದ್ದೆ ಮಾಡಿಕೊಂಡು, ಎಷ್ಟು ಚೆಂದ ಎನ್ನುತ್ತ ತಟ್ಟುತ್ತಿದ್ದಳು. ಪೆಂಬರ್ಟನ್‌ಗೆ ಜೀವ ಬಂತು. ಫೋನು ತೆಗೆದು ನಮ್ಮ ಕಡೆ ಹಿಡಿದ. ಹೆಲೆದ್ ತಿರುಗಿ, ಆ ಹೆಂಗಸಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ, ಸಮಾಧಾನವಾಗಿಯೇ ಹೇಳಿದಳು:

"ಇದು ನಿಮಗಲ್ಲಮ್ಮ. ಹಾಸಿಗೆ ಹಾಸಿಲ್ಲ. ನಮ್ಮಮ್ಮ ಈ ಕೆಲಸದಲ್ಲೇ ಸತ್ತಳು. ಈಗ ಬೇಕಿದ್ದರೆ ತಟ್ಟಿ."

ಕೈಗಳು ನಿಂತವು. ಪೆಂಬರ್ಟನ್‌ನ ಫೋನೂ ಇಳಿಯಿತು. ಅವನು ನಾಲ್ಕನೇ ಮನೆಯ ಮೇಲಿನ ಕಿಟಕಿಗೆ ಕತ್ತೆತ್ತಿ, ಎಷ್ಟು ಹಾಸಿಗೆ ಆಯಿತು ಎಂದು ಯೋಲೊನನ್ನು ಕೂಗಿ ಕೇಳಿದ.

ಯೋಲೊ ಕಿಟಕಿಯಲ್ಲಿದ್ದ. ಒಂದು ದಿಂಬನ್ನು ಗದ್ದದ ಕೆಳಗೆ ಅದುಮಿ ಹಿಡಿದು, ಅದಕ್ಕೆ ಚೀಲ ಏರಿಸುತ್ತಿದ್ದವನು ಹಾಗೇ ನಿಂತಿದ್ದ. ನಮ್ಮ ಚಾಪೆಲಿನಲ್ಲಿ ಹೆಲೆದಳ ಮನೆಯಾದ ಮೇಲೆ ವಚನ ಹೇಳುವ ಸರದಿ ಯೋಲೊನ ಮನೆಯದು. ತಡವರಿಸಿದವರಿಗೆ ನಮ್ಮಲ್ಲಿ ಯಾರೂ ಸಾಲು ಎತ್ತಿಕೊಡುವುದಿಲ್ಲ, ಅವರನ್ನು ದಾಟಿ ಮುಂದಕ್ಕೂ ಹೋಗುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇವೆ.

ಪೆಂಬರ್ಟನ್ ಇನ್ನೊಂದು ಸಲ ಕೂಗಿದ. ತಿರುವಿನ ಮೇಲಿಂದ ಯಾರೋ ಹಾರ್ನ್ ಒತ್ತಿದರು, ಅವರ ಹಿಂದಿನವರೂ ಒತ್ತಿದರು. ನಾವು ಮೂವರೂ ಗೋಡೆಯ ಮೇಲೆ ಇತ್ತ ತಿರುಗಿ ಕೂತು, ಆ ಕಿಟಕಿಯನ್ನು ನೋಡುತ್ತ ಕಾದೆವು.