ರೂಪಾಯಿ ಅಗಲದ ಬಿಸಿಲು

ಮುಸರತ ಒದ್ದೆ ಬಟ್ಟೆಯಿಂದ ಆಮೆಯ ಬೆನ್ನು ಒರೆಸುತ್ತಿದ್ದಳು. ಅಡುಗೆಮನೆಯ ಹಿಂದಿನ ಸಂದಿ ಅದು. ಒಂದು ತುದಿಗೆ ಬಚ್ಚಲು, ಇನ್ನೊಂದು ತುದಿಗೆ ಹಳೆ ಮೋಟಾರಿನ ಸಾಮಾನು, ಮೇಲೆ ತಗಡು. ಒಳಗೆ ಅವಳ ತಾಯಿ ಜೋಹರಾಬಿ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡ ಆಮೆಯನ್ನು ಒರೆಸಿ ಕೆಳಗಿಟ್ಟು ಚಿಕ್ಕದನ್ನು ಅಂಗೈಯಲ್ಲಿ ತೆಗೆದುಕೊಂಡಳು. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿದ್ದವು. ಹೆಬ್ಬೆರಳು ತಾಗಿದ ಕಡೆ ಚಿಪ್ಪು ಒಳಕ್ಕೆ ಹೋಯಿತು. ಬೆರಳು ತೆಗೆದ ಮೇಲೆ ನಿಧಾನವಾಗಿ ಮೇಲಕ್ಕೆ ಬಂತು. ಅಬ್ಬಾನ ಮೋಟಾರು ಅಂಗಡಿಯಲ್ಲಿ ತಂತಿಯ ಅಡಿ ಇಡಲೆಂದು ಅವಳು ಮನೆಯಲ್ಲಿ ಕತ್ತರಿಸಿಡುವ ರಟ್ಟು ನೀರಿಗೆ ನೆನೆದರೆ ಹೀಗೆಯೇ ಆಗುತ್ತಿತ್ತು.

ಅವಳು ಇನ್ನೊಮ್ಮೆ ಒತ್ತಲಿಲ್ಲ.

ಅಬ್ಬಾ ಮಕ್ತುಂ ಸಾಬನದು ಕೊಟ್ಟೂರಿನಲ್ಲಿ, ಕೂಡ್ಲಿಗಿ ರಸ್ತೆಗೆ, ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಷ್ ಹೊಯ್ದು ಬಿಸಿಲಿಗೆ ಒಣಗಲು ಇಡುವುದು ಅವನ ಕಸಬು. ಬೇಸಿಗೆಯಲ್ಲಿ ಬೆನಕಪ್ಪನೆಂಬ ರೈತ ಬೋರಿನ ಮೋಟಾರು ಒಂದೇ ದಿನದಲ್ಲಿ ರಿಪೇರಿಯಾಗಿ ಸಿಕ್ಕ ಖುಷಿಗೆ, ತನ್ನ ಹೊಲದ ಪಕ್ಕದ ಗುಡ್ಡದಲ್ಲಿ ಸಿಕ್ಕ ಈ ಎರಡು ಆಮೆಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟಿದ್ದ. "ಮನ್ಯಾಗ ಇಟ್ಕೊಳ್ರಿ ಸಾಬ್ರ, ಬರ್ಕತ್ತು, ಕೈ ತುಂಬತೈತಿ" ಎಂದಿದ್ದ. ಆಮೇಲೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೋಟಾರು ಬಂದವು. ಬೇಸಿಗೆಯಲ್ಲಿ ಮೋಟಾರು ಸುಡುವುದು ಪ್ರತಿ ವರ್ಷವೂ ಇದ್ದದ್ದೇ. ಆದರೂ ಮಕ್ತುಂ ಸಾಬ್ ಆ ಸಲದ್ದನ್ನು ಆಮೆಗಳ ಲೆಕ್ಕಕ್ಕೆ ಹಾಕಿದ.

ಸಾಕುವುದು ಹೇಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೆಯೆಂದರೆ ನೀರಿನದು ಎಂದುಕೊಂಡು ಮೊದಲ ದಿನ ಬೋಗುಣಿ ತುಂಬ ನೀರು ಹೊಯ್ದು ಅದರೊಳಗೆ ಬಿಟ್ಟರು. ಚಿಕ್ಕದು ತಳಕ್ಕೆ ಹೋಗಿ ಗುಳ್ಳೆ ಬಿಟ್ಟಿತು. ಮುಸರತ ಓಡಿ ಬಂದು ಎತ್ತದಿದ್ದರೆ ಅಂದೇ ಮುಗಿಯುತ್ತಿತ್ತು. ಜೋಹರಾಬಿ ಬಟ್ಟಲಲ್ಲಿ ಹಾಲಿಟ್ಟಳು, ಅನ್ನ ಇಟ್ಟಳು. ಅನ್ನ ಮೂಗಿಗೆ ಮೆತ್ತಿಕೊಂಡಿತೇ ಹೊರತು ಬಾಯೊಳಗೆ ಹೋಗಲಿಲ್ಲ. ಮುಸರತ ಸುಮ್ಮನೆ ಕುಳಿತು ನೋಡಿ ನೋಡಿಯೇ ಕಲಿತಳು. ಮೆಂತ್ಯದ ಸೊಪ್ಪು ತಿನ್ನುತ್ತವೆ. ದಾಸವಾಳದ ಹೂವೆಂದರೆ ಕತ್ತು ಚಾಚುತ್ತವೆ. ನೀರು ತಟ್ಟೆಯಲ್ಲಿ ತೆಳ್ಳಗಿರಬೇಕು.

ಇನ್ನೊಂದನ್ನೂ ಕಲಿತಳು. ತಗಡಿಗೆ ಮೊಳೆ ಹೊಡೆದು ಕಿತ್ತ ಒಂದು ತೂತಿತ್ತು. ಬೆಳಿಗ್ಗೆ ಅದರಿಂದ ರೂಪಾಯಿ ಅಗಲದ ಬಿಸಿಲು ಗೋಡೆಯ ಮೇಲೆ ಬಿದ್ದು, ಇಳಿದು, ನೆಲ ದಾಟಿ, ಬಚ್ಚಲ ಕಟ್ಟೆಯ ಹತ್ತಿರ ಮಾಯವಾಗುತ್ತಿತ್ತು. ಎರಡು ಆಮೆಗಳೂ ಅದರ ಹಿಂದೆಯೇ ನೆಲವೆಲ್ಲ ನಡೆಯುತ್ತಿದ್ದವು. ಚಿಕ್ಕದು ಅದರಡಿ ನಿಂತರೆ ದೊಡ್ಡದು ಬಂದು ಅದನ್ನು ತಳ್ಳುತ್ತಿತ್ತು.

ಚಿಪ್ಪು ಮೆತ್ತಗಾದದ್ದು ಕಂಡ ಅದೇ ದಿನ ಹರಪನಹಳ್ಳಿಯಿಂದ ಅಕ್ಕ ತಮನ್ನಾ ಅಮ್ಮಿ ಜೋಹರಾಬಿಯ ಮೊಬೈಲಿಗೆ ಫೋನು ಮಾಡಿದಳು. ಮುಸರತ ಎತ್ತಿಕೊಂಡಳು.

"ಏನಲೇ, ನಿನ್ನ ಮಕ್ಕಳು ಹ್ಯಾಂಗದಾವ?"

"ಸಣ್ಣದು ಮೆತ್ತಗಾಗೈತಿ ಆಪಾ. ಚಿಪ್ಪು."

"ತಡಿ, ಮೊಬೈಲ್ನ್ಯಾಗ ನೋಡ್ತೀನಿ." ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಾಡಿದಳು. ದನಿಯಲ್ಲಿ ನಗೆ ಇರಲಿಲ್ಲ. "ಅವಕ್ಕ ದಿನಾ ಬಿಸಿಲು ಬೇಕಂತ. ಇಲ್ಲಂದ್ರ ಚಿಪ್ಪು ಗಟ್ಟಿ ಆಗಂಗಿಲ್ಲಂತ, ಸತ್ತೂ ಹೋಗ್ತಾವಂತ. ಮನ್ಯಾಗ ಇಟ್ಕೊಳ್ಳೋದು ಗುನ್ನೆ, ಕೇಸು ಆಗ್ತೈತಿ ಅಂತನೂ ಬರದಾರ. ಅಬ್ಬಾಗ ಹೇಳು."

"ಗುನ್ನೆ ಅನ್ನೋದು ಅಬ್ಬಾಗ ಗೊತ್ತೈತಿ."

"ಮತ್ತ ಬಿಸಿಲಿಗರ ಬಿಡು."

"ಎಲ್ಲಿ?"

ಆ ಮನೆಯಲ್ಲಿ ಬೆಳೆದವಳು ತಮನ್ನಾ. ಬಿಸಿಲು ಇರುವುದು ಮಾಳಿಗೆಯ ಮೇಲೆ ಎಂದು ಅವಳಿಗೂ ಗೊತ್ತು, ಮಾಳಿಗೆಯ ಬಾಗಿಲಿಗೆ ಬೀಗವಿದೆ ಎಂದೂ ಗೊತ್ತು.

ಮುಸರತ ಒಂಬತ್ತನೆಯ ತರಗತಿಯಲ್ಲಿದ್ದಾಗ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಎದುರಿನ ಗ್ಯಾರೇಜಿನವನೊಬ್ಬ ಫೋಟೋಕ್ಕೆಂದು ಅವಳತ್ತ ಮೊಬೈಲು ಎತ್ತಿ ಹಿಡಿದಿದ್ದನಂತೆ. ಅವಳು ಅದನ್ನು ನೋಡಿರಲೂ ಇಲ್ಲ. ಪಕ್ಕದ ಮನೆಯ ಗುರುಬಸಮ್ಮ ನೋಡಿ, ಒಳ್ಳೆಯದಕ್ಕೇ, ಜೋಹರಾಬಿಯ ಕಿವಿಗೆ ಹಾಕಿದ್ದಳು. ಮರುದಿನ ಮೆಟ್ಟಿಲ ಬಾಗಿಲಿಗೆ ಬೀಗ ಬಿತ್ತು. ಅವಳ ಶಾಲೆಯೂ ಅಲ್ಲಿಗೇ ನಿಂತಿತು. ಗ್ಯಾರೇಜಿನವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಈಗಲೂ ಅದೇ ಜಾಗದಲ್ಲಿ ಕುಳಿತು ಪಂಕ್ಚರ್ ಹಾಕುತ್ತಾನೆ.

ಮಧ್ಯಾಹ್ನ ಮಕ್ತುಂ ಸಾಬ್ ಊಟಕ್ಕೆ ಬಂದ. ಮುಸರತ ನೀರಿನ ಚೊಂಬು ಇಟ್ಟು ಅಲ್ಲಿಯೇ ನಿಂತಳು.

"ಏನ್ ಬೇಟಿ?"

ಅವಳು ಹೋಗಿ ಚಿಕ್ಕ ಆಮೆಯನ್ನು ತಂದು ಅವನ ಮುಂದೆ ಹಿಡಿದಳು. "ಒತ್ತಿ ನೋಡ್ರಿ."

ಅವನು ಒತ್ತಿದವನೇ ಕೈ ಹಿಂದೆಳೆದುಕೊಂಡ. "ಯಾ ಅಲ್ಲಾ! ಹಪ್ಪಳ ನೆನದಂಗ ಆಗೈತಲ್ಲ ಇದು!"

"ಬಿಸಿಲು ಬೇಕಂತ ಅಬ್ಬಾ. ಆಪಾ ಹೇಳಿದ್ಳು. ಮಾಳಿಗಿ ಮ್ಯಾಲ ಒಂದು ತಾಸು ಬಿಟ್ರ..."

"ಹಾಂ, ಈಗ ಬಂತು ನೋಡು ಬಾಯಿಗೆ!" ಒಳಗಿಂದ ಜೋಹರಾಬಿ ಅಂದಳು. "ಮಾಳಿಗಿ ಹತ್ತಾಕ ಆಮಿ ನೆವ. ಹುಡುಗಿ ಹಗಲೆಲ್ಲ ಆ ಸಂದ್ಯಾಗ ಏನು ಮಾಡ್ತಾಳ ಅಂತ ನಾನೂ ನೋಡಾಕತ್ತಿದ್ದೆ."

ಮುಸರತ ಹಾಗೆ ಅಂದುಕೊಂಡಿರಲಿಲ್ಲ. ಆದರೆ ಅಮ್ಮಿ ಅಂದ ಕೂಡಲೇ ಮಾಳಿಗೆಯ ಕಾದ ನೆಲ ತನ್ನ ಅಂಗಾಲಿಗೇ ತಗಲಿದಂತಾಯಿತು. ಅಮ್ಮಿಯ ಮಾತು ಸುಳ್ಳಲ್ಲವೇನೋ ಅನ್ನಿಸಿ ತಲೆ ತಗ್ಗಿಸಿದಳು. ನಾ ಬರಂಗಿಲ್ಲ, ನೀವ ಒಯ್ದು ಇಡ್ರಿ ಅನ್ನಬೇಕಿತ್ತು.

"ಗುರುಬಸಮ್ಮನ ಮನಿಂದ ನಮ್ಮ ಮಾಳಿಗಿ ಎಲ್ಲಾ ಕಾಣ್ತೈತಿ ಬೇಟಿ," ಮಕ್ತುಂ ಸಾಬ್ ಮೆಲ್ಲಗೆ ಅಂದ. "ಫಾರೆಸ್ಟ್‌ನೋರ ತನಕ ಒಂದು ಮಾತು ಹೋದ್ರ ಆಮಿನೂ ಹೋಗ್ತಾವ, ನಾನೂ ಹೋಗ್ತೀನಿ." ಆಮೇಲೆ ಆಮೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮುಖದಲ್ಲಿ ನಗೆ ಬಂತು. "ಮೆತ್ತಗಾದದ್ದನ್ನ ಗಟ್ಟಿ ಮಾಡೋದು ನಿಮ್ಮಪ್ಪನ ಕಸಬಲ್ಲೇನು? ತಾ ಇಲ್ಲಿ, ಅಂಗಡಿಗೆ ಒಯ್ತೀನಿ."

ಮುಸರತಳ ಎದೆ ಹಗುರಾಯಿತು. ಅಂಗಡಿಯ ಮುಂದೆ ಮೋಟಾರು ಒಣಗಿಸುವ ಜಾಗವನ್ನು ಅವಳು ನೋಡಿದ್ದಳು. ಹೊತ್ತು ಮುಳುಗುವ ತನಕ ಅಲ್ಲಿ ಬಿಸಿಲು. ಊಟದ ಡಬ್ಬಿಯ ಚೀಲದೊಳಗೆ ಬಟ್ಟೆ ಹಾಸಿ, ಆಮೆಯನ್ನು ಇಟ್ಟು, ಪಕ್ಕದಲ್ಲಿ ನಾಲ್ಕು ಎಲೆ ಮೆಂತ್ಯ ಹಾಕಿದಳು.

ಸಂಜೆ ಮೊದಲು ಬಂದದ್ದು ವಾರ್ನಿಷ್ ವಾಸನೆ. ಮಕ್ತುಂ ಸಾಬನ ಅಂಗಿಗೆ ಯಾವಾಗಲೂ ಇರುವ ವಾಸನೆಯೇ, ಆದರೆ ಇವತ್ತು ಚೀಲದಿಂದ ಬರುತ್ತಿತ್ತು. ಹಿಂದೆಯೇ ಬೆನಕಪ್ಪನೂ ಬಂದು ಪಡಸಾಲೆಯಲ್ಲಿ ಕುಳಿತ. ಮುಸರತ ಪರದೆಯ ಹಿಂದೆ ನಿಂತಳು.

ಮಕ್ತುಂ ಸಾಬ್ ಆಮೆಯನ್ನು ತೆಗೆದು ಸ್ಟೂಲಿನ ಮೇಲಿಟ್ಟ. ಅದರ ಬೆನ್ನು ಕೆಂಪಗೆ, ಗಾಜಿನ ಹಾಗೆ ಹೊಳೆಯುತ್ತಿತ್ತು. ಹಳದಿ ಗೆರೆಗಳು ಬೆಲ್ಲದ ಪಾಕದೊಳಗೆ ಮುಳುಗಿದಂತಿದ್ದವು.

"ಎಂಥಾ ಹೊಳಪು ಬಂದೈತ್ರಿ ಸಾಬ್ರ!" ಬೆನಕಪ್ಪ ಅಂದ. "ನಮ್ಮ ಮೋಟಾರಿಗೂ ಇಷ್ಟು ಚಲೋ ಹಚ್ಚಿದ್ದಿಲ್ಲ ನೀವು."

"ಎರಡು ಕೋಟು ಹಾಕೀನ್ರಿ. ಹೊರಗ ಬಿಸಿಲಿಗೆ ಇಟ್ರ ಜನ ನೋಡ್ತಾರಂತ ಒಳಗ ದೊಡ್ಡ ಬಲ್ಬಿನ ಕೆಳಗ ಒಣಗಿಸಿದೆ. ಇನ್ನ ಕಲ್ಲು ಬಿದ್ರೂ ಏನಾಗಂಗಿಲ್ಲ." ಮಕ್ತುಂ ಸಾಬ್ ಉಗುರಿನಿಂದ ಬಡಿದ. ಟಕ್ ಅಂದಿತು. "ಕೈಯಾಗ ಹಿಡಕೊಂಡು, ಮಕ್ಕಳಿಗೆ ಎಣ್ಣಿ ಹಚ್ಚಿದಂಗ ಹಚ್ಚೀನಿ."

"ತಲಿ ಹೊರಗ ಹಾಕವಲ್ದಲ್ರಿ?"

"ಹೆದರೈತಿ. ಹಾಕ್ತೈತಿ ತಗೀರಿ."

ಬೆನಕಪ್ಪ ಚಹಾ ಕುಡಿದು ಬಟ್ಟಲು ಕೆಳಗಿಟ್ಟ. "ಸಾಕಾಕ ತ್ರಾಸ ಅನ್ನಿಸಿದ್ರ ಹೇಳ್ರಿ. ನಾಳೆ ಹೊಲಕ್ಕ ಹೋಗ್ತಾ ಗುಡ್ಡದಾಗ ಬಿಟ್ಟು ಹೋಗ್ತೀನಿ. ಎರಡೂ."

ಪರದೆಯ ಅಂಚು ಮುಸರತಳ ಮುಷ್ಟಿಯಲ್ಲಿತ್ತು. ಸರಿಸಿದ್ದರೆ ಪಡಸಾಲೆ, ಎರಡು ಹೆಜ್ಜೆ ಕೂಡ ಇರಲಿಲ್ಲ. ಹೊರಗಿನವರ ಎದುರು ಅವಳು ಮಾತಾಡಿ ಎಷ್ಟೋ ಕಾಲವಾಗಿತ್ತು.

"ಬರ್ಕತ್ತನ್ನ ಯಾರಾದ್ರೂ ವಾಪಸ್ ಕಳಸ್ತಾರೇನ್ರಿ ಬೆನಕಪ್ನೋರ?" ಮಕ್ತುಂ ಸಾಬ್ ನಕ್ಕ. ಬೆನಕಪ್ಪನೂ ನಕ್ಕ. ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿಸಿತು, ಬೈಕು ಚಾಲೂ ಆಯಿತು, ಸದ್ದು ಕೂಡ್ಲಿಗಿ ರಸ್ತೆಗೆ ತಿರುಗಿ ಸಣ್ಣಗಾಯಿತು.

"ಬಾ ಬೇಟಿ, ಈಗ ಒತ್ತು ನೋಡು."

ಅವಳು ಬಂದು ಒತ್ತಿದಳು. ಗಟ್ಟಿಯಿತ್ತು. ಅಬ್ಬಾ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಉಗುರು ಸಂದಿಯಲ್ಲೆಲ್ಲ ಕೆಂಪು ಬಣ್ಣ ಮೆತ್ತಿತ್ತು. ಅವಳು ಹೂಂ ಎಂದು ತಲೆಯಾಡಿಸಿದಳು. ಕತ್ತು ಹೊರಬರುವ ಕಡೆ ವಾರ್ನಿಷಿನ ಹನಿಯೊಂದು ಇಳಿದು, ಮಡಿಚಿಕೊಂಡ ಮುಂಗಾಲನ್ನೂ ಚಿಪ್ಪಿನ ಅಂಚನ್ನೂ ಕೂಡಿಸಿ ಗಟ್ಟಿಯಾಗಿತ್ತು. ಅದನ್ನು ಅವಳು ನೋಡಿದಳು. ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಅದು ಬಿಡಲಿಲ್ಲ.

ಬೆಳಿಗ್ಗೆ ಬಿಸಿಲು ಗೋಡೆಯ ಮೇಲೆ ಬಿತ್ತು, ಇಳಿಯಿತು. ದೊಡ್ಡದು ಗೋಡೆಯ ಬುಡದಲ್ಲಿ ಕಾಯುತ್ತಿತ್ತು. ಮುಸರತ ಚಿಕ್ಕದನ್ನು ಒಯ್ದು ಬಿಸಿಲಿನಡಿ ಇಟ್ಟಳು. ಬೆನ್ನಿಗೆ ಬಿದ್ದ ಬೆಳಕು ತಗಡಿಗೆ ಚಿಮ್ಮಿ ಅಲ್ಲೊಂದು ಕೆಂಪು ಮಚ್ಚೆಯಾಯಿತು. ದಾಸವಾಳದ ಹೂವು ಮುಂದಿಟ್ಟಳು. ಕತ್ತು ಹೊರಗೆ ಬರಲಿಲ್ಲ. ಬಿಸಿಲು ಬೆನ್ನು ದಾಟಿ ಮುಂದೆ ಹೋಯಿತು. ಚಿಕ್ಕದು ಅದರ ಹಿಂದೆ ಹೋಗಲಿಲ್ಲ. ದೊಡ್ಡದು ಬಂದು ಎಂದಿನಂತೆ ಅದನ್ನು ತಳ್ಳಿತು. ಅದು ಕಲ್ಲಿನ ಹಾಗೆ ಸರಿದು, ಸ್ವಲ್ಪ ವಾಲಿ, ಹಾಗೆಯೇ ನಿಂತಿತು.

ಪಡಸಾಲೆಯಲ್ಲಿ ಮಕ್ತುಂ ಸಾಬ್ ಅಂಗಡಿಗೆ ಹೊರಟಿದ್ದ. ಬಾಗಿ ಚಪ್ಪಲಿ ಹಾಕಿಕೊಳ್ಳುವಾಗ ಸೊಂಟದ ಚಾವಿ ಗೊಂಚಲು ಗಿಲ್ ಅಂದಿತು. ಜೋಹರಾಬಿ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು. ಮುಸರತ ಪರದೆ ಸರಿಸಿ ಹೊರಗೆ ಬಂದಳು. ತೆರೆದ ಬಾಗಿಲಿನಾಚೆ ರಸ್ತೆ, ಗ್ಯಾರೇಜು, ಕುಳಿತ ಜನ ಎಲ್ಲ ಕಾಣುತ್ತಿದ್ದವು. ಅವಳು ಒಳಗೆ ಸರಿಯಲಿಲ್ಲ.

"ಅಬ್ಬಾ."

ಅವನು ಎರಡನೆಯ ಚಪ್ಪಲಿಗೆ ಕಾಲು ಹಾಕುತ್ತಿದ್ದ.

"ದೊಡ್ಡದು ಇನ್ನೂ ಗಟ್ಟಿ ಐತಿ ಅಬ್ಬಾ, ಅದಕ್ಕರ ಬಿಸಿಲು ಸಿಗಲಿ. ಮಾಳಿಗಿ ಚಾವಿ ಕೊಡ್ರಿ."