ಹುಣಸೆಹುಳಿಯಲ್ಲಿ ತೊಳೆದ ಶಂಖಗಳು

ಬಚ್ಚಲ ಕಟ್ಟೆ ನೋಡುತ್ತಲೇ ಸಾಯಿಮಾಳ ಸಿಟ್ಟು ನೆತ್ತಿಗೇರಿತು. ಅವಳ ಶಂಖಗಳು ಹಿತ್ತಾಳೆ ತಂಬಿಗೆಗಳ ಜೊತೆಗೆ ಬೋರಲು ಬಿದ್ದು ಬೆಳ್ಳಗೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಹುಣಸೆಹಣ್ಣಿನ ಭರಣಿ. ತಾಯಿ ಬಾನುಬಿ ಮದುವೆಯಾದಾಗ ಡಂಬಳದ ತವರಿನಿಂದ ತಂದದ್ದು.

“ರಾತ್ರೀನ ಹುಳಿಯಾಗ ನೆನಿ ಹಾಕಿದ್ದೆ,” ಎಂದಳು ಬಾನುಬಿ ಹೆಮ್ಮೆಯಿಂದ. “ಫೋನಿನ್ಯಾಗ ಆ ಸಂಗ್ರಹಾಲಯದ ಸರ ಹೇಳಿದ್ರಲ್ಲ, ಮಣ್ಣು ಹತ್ತಿದ್ದು ತರಬ್ಯಾಡ್ರಿ, ಸ್ವಚ್ಛ ಮಾಡಿ ತರ್ರಿ ಅಂತ.”

ಆ ಮಾತನ್ನು ಸಾಯಿಮಾ ಕಿವಿಗೇ ಹಾಕಿಕೊಂಡಿರಲಿಲ್ಲ. ಬೆಟಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಅವಳು. ಮೂರು ಬೇಸಿಗೆ ಅಣ್ಣ ಇಜಾಜನ ಲಾರಿ ಹತ್ತಿ ಕಛ್‌ಗೆ ಹೋಗಿದ್ದಳು. ಅವನು ಲೋಡಿಗೆ ಕಾಯುವಷ್ಟು ದಿನ ಇವಳು ಒಣಹಳ್ಳದಲ್ಲಿ ಮಂಡಿಯೂರಿ, ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ಕೆದರಿ, ಒಂದೊಂದನ್ನೇ ಬಿಡಿಸಿದ್ದಳು. ಎಂದೋ ಕಡಲಿದ್ದ ಜಾಗ ಅದು. ಬೇರೆ ಚಿಪ್ಪುಗಳಿಗೆ ತೂತು ಕೊರೆದು ಒಳಗಿನ ಜೀವವನ್ನು ತಿನ್ನುತ್ತಿದ್ದ ಬೇಟೆಗಾರ ಬಸವನಹುಳುಗಳ ಶಂಖಗಳು ಅವು. ಆ ಕುಲವೆಲ್ಲ ಅಳಿದುಹೋಗಿತ್ತು, ಶಂಖಗಳು ಮಾತ್ರ ಕೂದಲೆಳೆಯಂಥ ಗೆರೆಗಳ ಸಮೇತ ಉಳಿದಿದ್ದವು. ಆ ಗೆರೆ ನೋಡಿಯೇ ಯಾವ ಕುಲ ಎಂದು ಹೇಳಬೇಕು. ಗದಗಿನ ಕಾಲೇಜಿನ ಸಂಗ್ರಹಾಲಯದಲ್ಲಿ ಕುಲ, ಸಿಕ್ಕ ಜಾಗ, ತನ್ನ ಹೆಸರು ಬರೆದ ಚೀಟಿಯ ಜೊತೆ ಅವು ಕೂರಬೇಕೆಂಬುದೊಂದೇ ಅವಳ ಆಸೆ. ಹುಳಿ ಎಲ್ಲ ಗೆರೆಗಳನ್ನೂ ತಿಂದುಹಾಕಿತ್ತು.

ತಾಯಿಯ ಮೇಲೆ ಬಾಯಿ ಮಾಡಹೋದವಳು ಹುಳಿಯಲ್ಲಿ ನೆನೆದು ಸುಕ್ಕಾದ ಆ ಬೆರಳುಗಳನ್ನು ನೋಡಿ ನುಂಗಿಕೊಂಡಳು. ತಪ್ಪೆಲ್ಲ ಆ ಸರನದು. ಶಂಖವೇನು ತಂಬಿಗೆಯೇ? ಮುಖದ ಮೇಲೆ ಕೇಳಿಯೇಬಿಡುತ್ತೇನೆಂದು ಹಲ್ಲು ಕಡಿಯುತ್ತ ಡಬ್ಬಿ ಎತ್ತಿಕೊಂಡು ಹೊರಟಳು.

ಸಂಗ್ರಹಾಲಯದ ಸರ ಡಬ್ಬಿಯಲ್ಲಿನ ಹತ್ತಿ ಸರಿಸಿದರು. ಮುಖ ಅರಳಿತು.

“ವಾಹ್! ಹೆಂಗ ಹೊಳೀತಾವ ನೋಡ್ರಿ! ಹೋದ ವಾರ ತಂದಾಗ ಏನ್ ಹೊಲಸಿದ್ದವ್ರಿ. ನಾಳೆನ ಗಾಜಿನ ಕಪಾಟಿನ್ಯಾಗ ಇಡೋಣು.”

ಸಾಯಿಮಾ ಒಂದು ಗಳಿಗೆ ಬೆಪ್ಪಾದಳು. “ಗೆರಿ ಹೋಗ್ಯಾವ್ರಿ ಸರ. ಇನ್ನ ಯಾವ ಕುಲ ಅಂತ ಯಾರಿಗೂ ಹೇಳಾಕ ಆಗಂಗಿಲ್ಲ.”

“ಗೆರಿ ಯಾರು ನೋಡ್ತಾರ್ರಿ? ಚೀಟಿ ಮ್ಯಾಲೆ ಸಮುದ್ರದ ಶಂಖ ಅಂತ ಬರದ್ರ ಆತು.”

ಮೂರು ಬೇಸಿಗೆಯ ಬಿಸಿಲು ಒಮ್ಮೆಲೇ ಅವಳ ತಲೆಗೇರಿತು. “ಹೊಳಪ ಬೇಕಂದ್ರ ನಮ್ಮ ಮನಿ ತಂಬಿಗಿ ಕಳಸ್ತೀನ್ರಿ, ಸಾಲಾಗಿ ಇಡ್ರಿ!” ಎಂದವಳೇ ಅವರ ಕೈಯಿಂದ ಡಬ್ಬಿ ಕಿತ್ತುಕೊಂಡು ಬಂದಳು.

ಬಾನುಬಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. “ಸರ ಏನಂದ್ರು?”

“ಭಾಳ ಹೊಳೀತಾವ ಅಂದ್ರು.”

“ಮತ್ತ ವಾಪಸ್ ಯಾಕ ತಂದಿ? ಎಲ್ಲೆರ ಕರಿ ಉಳದೈತೇನು? ಕೊಡಿಲ್ಲೆ, ಇನ್ನೊಮ್ಮಿ ತಿಕ್ಕತೀನಿ.”

ಅಷ್ಟೇ. ಸಾಯಿಮಾ ಒಳಗೆ ನುಗ್ಗಿ ಹುಣಸೆಹಣ್ಣಿನ ಭರಣಿ ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದಳು.

ಬಾನುಬಿ ಮಂಡಿಯೂರಿ ಕೂತು, ಚೂರುಗಳಿಗೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸುತ್ತ, ಒಂದೊಂದನ್ನೇ ಆರಿಸತೊಡಗಿದಳು.